ಸಿಗ್ನಲ್ ತುಂಬಾ ಇದೆ, ಕರೆ ಮಾತ್ರ ಹೋಗುವುದಿಲ್ಲ

ಮಾನ್ಯ ಸಂಪಾದಕರೇ,

ನನ್ನ ಅಮ್ಮನಿಗೆ ಎಪ್ಪತ್ತೆರಡು ವರ್ಷ. ಕೆಲವು ತಿಂಗಳ ಹಿಂದೆ ಅವಳ ಫೋನಿನಿಂದ ಕರೆ ಹೋಗುವುದು ನಿಂತಿತು. ಫೋನ್ ಕೆಟ್ಟಿರಲಿಲ್ಲ. 4ಜಿ ಸಿಗ್ನಲ್ ತುಂಬಿತ್ತು, ವಿಡಿಯೊ ಓಡುತ್ತಿತ್ತು, ಮೆಸೇಜ್ ಬರುತ್ತಿತ್ತು. ನಂಬರ್ ಒತ್ತಿದರೆ ಮಾತ್ರ ಎರಡು ಸೆಕೆಂಡ್ ಸುಮ್ಮನಿದ್ದು ಕಟ್ ಆಗುತ್ತಿತ್ತು. ನಾವು ಮಾಡಿದರೆ ‘ಸಂಪರ್ಕಕ್ಕೆ ಸಿಗುತ್ತಿಲ್ಲ’ ಎಂಬ ದನಿ. ಅಮ್ಮನಿಗೆ ಇದು ಗೊತ್ತಾಗಲೇ ಇಲ್ಲ. ಫೋನ್ ರಿಂಗ್ ಆಗದಿದ್ದರೆ ಯಾರೂ ಮಾಡಿಲ್ಲ ಅಂತಲೇ ಅಲ್ವಾ ಅಂದುಕೊಳ್ಳುವುದು? ನಾಲ್ಕನೇ ದಿನ ನಾನು ಹೋದಾಗ ‘ಎಲ್ಲರೂ ನನ್ನ ಮರೆತೇಬಿಟ್ರಿ’ ಎಂದಳು. ಆ ಮಾತು ಇನ್ನೂ ನನ್ನನ್ನು ಚುಚ್ಚುತ್ತದೆ. ಅದಕ್ಕೇ ಈ ಪತ್ರ.

ಆದದ್ದು ಇಷ್ಟು. ಅವಳ ನೆಟ್‌ವರ್ಕ್‌ನವರು ಹಳೆಯ ತಲೆಮಾರಿನ ಸೇವೆಯನ್ನು ನಿಲ್ಲಿಸಿದ್ದರು. 2ಜಿ, 3ಜಿಯಲ್ಲಿ ಕರೆ ಮಾಡಿದರೆ ಮಾತು ಮುಗಿಯುವ ತನಕ ನಮಗೆ ಅಂತ ಒಂದು ದಾರಿ ಮೀಸಲಾಗಿರುತ್ತಿತ್ತು. 4ಜಿಯಲ್ಲಿ ಆ ಏರ್ಪಾಡೇ ಇಲ್ಲ. ಅಲ್ಲಿ ಓಡುವುದೆಲ್ಲ ಇಂಟರ್ನೆಟ್‌ನ ಹಾಗೆ ಸಣ್ಣ ಸಣ್ಣ ಡೇಟಾ ಪ್ಯಾಕೆಟ್‌ಗಳು. 2009ರ ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮ್ ಮತ್ತು ಓಸ್ಲೊ ನಗರಗಳಲ್ಲಿ ಮೊದಲ 4ಜಿ ಸೇವೆ ಶುರುವಾದಾಗ ಅದು ಬರೀ ಡೇಟಾಗೆ ಇತ್ತು. ಆಮೇಲೆ ಬಂದ ಫೋನ್‌ಗಳು ಕರೆ ಬಂದ ಕೂಡಲೇ 3ಜಿಗೋ 2ಜಿಗೋ ಇಳಿದು, ಮಾತು ಮುಗಿದ ಮೇಲೆ ಮತ್ತೆ 4ಜಿಗೆ ಹತ್ತುತ್ತಿದ್ದವು. ಇವತ್ತಿಗೂ ಎಷ್ಟೋ ಫೋನ್‌ಗಳು ಹಾಗೇ ಮಾಡುತ್ತವೆ. ಇಳಿಯೋಣ ಅಂದರೆ ಕೆಳಗೆ ಮೆಟ್ಟಿಲೇ ಇಲ್ಲದಿದ್ದರೆ? ಅಮ್ಮನ ಫೋನಿಗೆ ಆದದ್ದು ಅದೇ.

ನನಗೆ ಬೇಜಾರಾಗುವುದು ಯಾಕೆಂದರೆ, ಇದಕ್ಕೆ ಪರಿಹಾರ ಎಂದೋ ಸಿಕ್ಕಿದೆ. 4ಜಿಯಲ್ಲೇ ಕರೆ ಕೊಡುವುದು ಹೇಗೆ ಎಂದು ಮೊದಲಲ್ಲಿ ಒಬ್ಬೊಬ್ಬರು ಒಂದೊಂದು ದಾರಿ ಹೇಳುತ್ತಿದ್ದರು. 2009ರ ನವೆಂಬರ್‌ನಲ್ಲಿ ಕೆಲವು ದೊಡ್ಡ ನೆಟ್‌ವರ್ಕ್ ಕಂಪನಿಗಳು ಮತ್ತು ಫೋನ್ ತಯಾರಕರು ಸೇರಿ ‘ಒನ್ ವಾಯ್ಸ್’ ಎಂಬ ಹೆಸರಿನಲ್ಲಿ ಒಂದೇ ದಾರಿಯನ್ನು ಆರಿಸಿದರು. ಮೊಬೈಲ್ ಕಂಪನಿಗಳ ಜಾಗತಿಕ ಸಂಘವಾದ ಜಿಎಸ್‌ಎಂಎ 2010ರ ಫೆಬ್ರುವರಿಯಲ್ಲಿ ಅದನ್ನು ಒಪ್ಪಿಕೊಂಡಿತು. 4ಜಿಯಲ್ಲೇ ಹೋಗುವ ಈ ಕರೆಯನ್ನೇ ನಾವು ವೋಲ್ಟಿ ಎನ್ನುವುದು. ಐಆರ್.92 ಎಂಬ ದಾಖಲೆಯಲ್ಲಿ ಫೋನ್ ಏನು ಮಾಡಬೇಕು, ನೆಟ್‌ವರ್ಕ್ ಏನು ಮಾಡಬೇಕು ಎಂದು ಬಿಡಿಸಿ ಬರೆದಿದ್ದಾರೆ. ವಿಡಿಯೊ ಕರೆಗೆ ಐಆರ್.94 ಇದೆ, ವೈಫೈ ಮೂಲಕದ ಕರೆಗೆ ಐಆರ್.51 ಇದೆ. 2012ರ ಆಗಸ್ಟ್‌ನಲ್ಲೇ ದಕ್ಷಿಣ ಕೊರಿಯಾದಲ್ಲಿ ಜನ ವೋಲ್ಟಿಯಲ್ಲಿ ಮಾತಾಡಲು ಶುರು ಮಾಡಿದರು. ಇದು ಹೊಸ ವಿದ್ಯೆಯೇನಲ್ಲ.

‘ಆ್ಯಪ್‌ನಲ್ಲಿ ಮಾತಾಡಿದರಾಯ್ತು ಬಿಡಿ’ ಎಂದು ನನಗೆ ಹೇಳಿದವರು ತುಂಬ ಜನ. ನಾನೂ ದಿನಾ ಆ್ಯಪ್ ಬಳಸುತ್ತೇನೆ. ಆದರೆ ಎರಡೂ ಒಂದೇ ಅಲ್ಲ. ಆ್ಯಪ್ ಕರೆ ಉಳಿದ ಡೇಟಾದ ಗುಂಪಿನಲ್ಲೇ ನುಗ್ಗಿಕೊಂಡು ಹೋಗಬೇಕು. ಅಕ್ಕಪಕ್ಕದವರೆಲ್ಲ ವಿಡಿಯೊ ನೋಡುತ್ತಿದ್ದರೆ ಮಾತು ತುಂಡಾಗುತ್ತದೆ. ವೋಲ್ಟಿ ಕರೆ ಹಾಗಲ್ಲ. ಮಾತನ್ನು 20 ಮಿಲಿಸೆಕೆಂಡ್‌ಗಳ ತುಣುಕು ಮಾಡಿ ಕಳಿಸುತ್ತಾರೆ, ಅವಕ್ಕೆ ನೆಟ್‌ವರ್ಕ್ ಮೊದಲ ದಾರಿ ಬಿಡುತ್ತದೆ. ಇನ್ನೂ ಒಂದಿದೆ. ಹಳೆಯ ಕರೆಯಲ್ಲಿ ಸಾಮಾನ್ಯವಾಗಿ 300ರಿಂದ 3,400 ಹರ್ಟ್ಜ್‌ವರೆಗಿನ ದನಿ ಮಾತ್ರ ಸಾಗುತ್ತಿತ್ತು (ಹರ್ಟ್ಜ್ ಅಂದರೆ ದನಿ ಎಷ್ಟು ತೆಳು, ಎಷ್ಟು ದಪ್ಪ ಎಂಬುದರ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ದನಿ ತೆಳು). ವೋಲ್ಟಿಯ ಎಚ್‌ಡಿ ದನಿಯಲ್ಲಿ 50ರಿಂದ 7,000 ಹರ್ಟ್ಜ್‌ವರೆಗೆ ಕೇಳಿಸುತ್ತದೆ. ‘ಸ’, ‘ಶ’, ‘ಫ’ ಅಕ್ಷರಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಬೇಕಾದ ದನಿ ಜಾಸ್ತಿ ಇರುವುದೇ ಆ ಮೇಲಿನ ಭಾಗದಲ್ಲಿ. ಕಿವಿ ಸ್ವಲ್ಪ ಮಂದವಾದ ನನ್ನ ಅಮ್ಮನಂಥವರಿಗೆ ಇದು ಎಷ್ಟು ದೊಡ್ಡ ಉಪಕಾರ ಎಂದು ಅವರ ಜೊತೆ ಫೋನಿನಲ್ಲಿ ಮಾತಾಡಿದವರಿಗೇ ಗೊತ್ತು. ಎಲ್ಲಕ್ಕಿಂತ ಮುಖ್ಯವಾಗಿ, ನಂಬರ್ ಇದ್ದರೆ ಸಾಕು. ಆ ಕಡೆಯವರು ಯಾವ ಆ್ಯಪ್ ಹಾಕಿಕೊಂಡಿದ್ದಾರೆ ಎಂದು ಕೇಳಬೇಕಾಗಿಲ್ಲ.

ಹಾಗಾದರೆ ಅಮ್ಮನ ಫೋನ್ ಯಾಕೆ ಕೈಕೊಟ್ಟಿತು? ಅದರಲ್ಲಿ ವೋಲ್ಟಿ ಇರಲಿಲ್ಲವೇ? ಇತ್ತು! ನನ್ನ ಸಿಮ್ ಹಾಕಿದೆ. ನನ್ನದು ಬೇರೆ ಕಂಪನಿಯದು. ಕರೆ ಹೋಯಿತು, ದನಿ ಸ್ಪಷ್ಟವಾಗಿ ಕೇಳಿಸಿತು. ಅಮ್ಮನ ಸಿಮ್ ವಾಪಸ್ ಹಾಕಿದರೆ ಮತ್ತೆ ಅದೇ ಕಥೆ. ನೆಟ್‌ವರ್ಕ್‌ನವರನ್ನು ಕೇಳಿದೆ. ‘ಈ ಮಾಡೆಲ್ ನಮ್ಮ ಪಟ್ಟಿಯಲ್ಲಿಲ್ಲ’ ಎಂದರು. ಫೋನ್ ತಯಾರಕರನ್ನು ಕೇಳಿದೆ. ‘ನೆಟ್‌ವರ್ಕ್‌ನವರು ಒಪ್ಪಿಗೆ ಕೊಡಬೇಕು’ ಎಂದರು. ಇಬ್ಬರ ನಡುವೆ ಮೂರು ವಾರ ಓಡಾಡಿದೆ.

ಆ ಓಡಾಟದಲ್ಲಿ ತಿಳಿದದ್ದು ಇದು. ಪ್ರತಿ ಫೋನಿನೊಳಗೂ ಯಾವ ಕಂಪನಿಯ ಸಿಮ್‌ಗೆ ಹೇಗೆ ನಡೆದುಕೊಳ್ಳಬೇಕು ಎಂಬ ಸೆಟ್ಟಿಂಗ್‌ಗಳು ಇರುತ್ತವೆ. ಹಾಕಿದ ಸಿಮ್‌ನ ಕಂಪನಿ ಅದರಲ್ಲಿ ಇಲ್ಲದಿದ್ದರೆ ಎಷ್ಟೋ ಫೋನ್‌ಗಳು ವೋಲ್ಟಿಯನ್ನು ಆಫ್ ಮಾಡಿಕೊಂಡು ಕೂರುತ್ತವೆ. ಕೆಲವು ನೆಟ್‌ವರ್ಕ್‌ಗಳು ತಾವು ಒಪ್ಪಿದ ಮಾಡೆಲ್‌ಗಳಿಗೆ ಮಾತ್ರ ಬಾಗಿಲು ತೆರೆಯುತ್ತವೆ. ಪರೀಕ್ಷೆ ಮಾಡದ ಫೋನ್‌ನಿಂದ ತೊಂದರೆ ಆಗಬಹುದು ಎಂಬ ಅವರ ಮಾತು ಸುಳ್ಳಲ್ಲ. ಐಆರ್.92 ಪಾಲಿಸುತ್ತೇವೆ ಎನ್ನುವ ಎರಡು ಸಾಧನಗಳೂ ಚಿಕ್ಕ ವಿಷಯದಲ್ಲಿ ಜಗಳ ಆಡುವುದುಂಟು. ಆದರೆ ಕೆಳಗಿನ ಮೆಟ್ಟಿಲನ್ನು ತಾವೇ ತೆಗೆದ ಮೇಲೂ ಪಟ್ಟಿ ಹಿಡಿದು ನಿಲ್ಲುವುದು ಯಾವ ನ್ಯಾಯ? ಪಟ್ಟಿಯಲ್ಲಿಲ್ಲದ ಫೋನ್ ಕನಿಷ್ಠ ಐಆರ್.92ರ ಸಾಮಾನ್ಯ ಸೆಟ್ಟಿಂಗ್‌ನಲ್ಲಾದರೂ ಕರೆ ಮಾಡುವಂತಿರಬೇಕು. ನೂರಾರು ಎಂಜಿನಿಯರ್‌ಗಳು ಕೂತು ಒಂದೇ ದಾರಿ ಮಾಡಿದ್ದು ಇದಕ್ಕೇ ತಾನೇ?

ತುರ್ತು ಕರೆಯ ವಿಷಯಕ್ಕೆ ಬಂದರೆ ಇದು ಬರೀ ಬೇಜಾರಿನ ಮಾತಲ್ಲ. ಆಸ್ಟ್ರೇಲಿಯಾದಲ್ಲಿ 2024ರ ಅಕ್ಟೋಬರ್ 28ರಿಂದ 3ಜಿ ನಿಲ್ಲಿಸಲು ಹೊರಟಾಗ ಒಂದು ಭಯಂಕರ ಸಂಗತಿ ಗೊತ್ತಾಯಿತು. ಕೆಲವು ಫೋನ್‌ಗಳು ಮಾಮೂಲಿ ಕರೆಯನ್ನು 4ಜಿಯಲ್ಲಿ ಚೆನ್ನಾಗಿಯೇ ಮಾಡುತ್ತಿದ್ದವು. ಅಲ್ಲಿನ ತುರ್ತು ಸಂಖ್ಯೆ 000 ಒತ್ತಿದರೆ ಮಾತ್ರ 3ಜಿ ಹುಡುಕುತ್ತಿದ್ದವು. ನೋಡುವವರಿಗೆ ಫೋನ್ ಸರಿಯಾಗೇ ಇದೆ. ಜೀವ ಹೋಗುವ ಹೊತ್ತಿಗೆ ಕೈಕೊಡುತ್ತದೆ. ಕೊನೆಗೆ ಅಂಥ ಫೋನ್‌ಗಳಿಗೆ ನೆಟ್‌ವರ್ಕ್ ಸೇವೆಯನ್ನೇ ಕೊಡಬಾರದು ಎಂದು ನಿಯಮ ಮಾಡಬೇಕಾಯಿತು. ತುರ್ತು ಸಂಖ್ಯೆಯನ್ನು ಸುಮ್ನೆ ಒತ್ತಿ ನೋಡಲು ನಮಗೆ ಆಗುವುದಿಲ್ಲ. ಪರೀಕ್ಷೆ ಮಾಡಿ ಹೇಳಬೇಕಾದವರು ಫೋನ್ ತಯಾರಿಸುವವರು ಮತ್ತು ನೆಟ್‌ವರ್ಕ್ ನಡೆಸುವವರೇ.

ವಿಡಿಯೊ ಕರೆಯ ಸ್ಥಿತಿ ಇನ್ನೂ ಕಷ್ಟ. ನಂಬರ್ ಒತ್ತುವ ಪರದೆಯಲ್ಲೇ ವಿಡಿಯೊ ಬಟನ್ ಇದೆ. ಐಆರ್.94ರ ಪ್ರಕಾರ ಮಾತಾಡುತ್ತಿರುವಾಗಲೇ ವಿಡಿಯೊ ಸೇರಿಸಬಹುದು, ಬೇಡವಾದಾಗ ತೆಗೆದು ಮಾತನ್ನು ಮುಂದುವರಿಸಬಹುದು. ಆದರೆ ಎಷ್ಟೋ ಕಡೆ ಆ ಬಟನ್ ಒಂದೇ ಕಂಪನಿಯ ಗಿರಾಕಿಗಳ ನಡುವೆ ಮಾತ್ರ ಕೆಲಸ ಮಾಡುತ್ತದೆ. ಕಂಪನಿಗಳು ತಮ್ಮ ತಮ್ಮಲ್ಲಿ ವಿಡಿಯೊ ದಾಟಿಸುವ ಒಪ್ಪಂದ ಮಾಡಿಕೊಂಡಿಲ್ಲ. ಹಾಗಾಗಿ ಜನ ಆ ಬಟನ್ ಒತ್ತುವುದನ್ನೇ ಬಿಟ್ಟರು. ಸಂಜ್ಞೆ ಭಾಷೆಯಲ್ಲಿ ಮಾತಾಡುವವರನ್ನು ನೆನೆಸಿಕೊಳ್ಳಿ. ನಮಗೆ ದನಿ ಹೇಗೋ ಅವರಿಗೆ ವಿಡಿಯೊ ಹಾಗೆ. ನಾವು ಯಾರ ನಂಬರ್ ಬೇಕಾದರೂ ಒತ್ತಿ ಮಾತಾಡುತ್ತೇವೆ. ಅವರು ಮೊದಲು ಆ ಕಡೆಯವರಿಗೆ ಯಾವ ಆ್ಯಪ್ ಇದೆ ಎಂದು ಮೆಸೇಜ್ ಕಳಿಸಿ ಕೇಳಬೇಕು. ಇಷ್ಟು ವರ್ಷದ ಹಳೆಯ ಮಾನದಂಡ ಕೈಯಲ್ಲಿದ್ದೂ ಅವರನ್ನು ಹೀಗೆ ಕಾಯಿಸುತ್ತಿರುವುದು ನನಗೆ ಸರಿ ಕಾಣುವುದಿಲ್ಲ.

ನೆಟ್‌ವರ್ಕ್‌ಗಳಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಹಳೆಯ ಸೇವೆ ನಿಲ್ಲಿಸುವ ಮುಂಚೆ ಯಾರ ಫೋನಿನಲ್ಲಿ ಕರೆ ನಿಲ್ಲುತ್ತದೋ ಅವರಿಗೆ ಅದನ್ನು ನೇರವಾಗಿ ತಿಳಿಸಿ. ನಿಮ್ಮ ಯಾವ ಗಿರಾಕಿಯ ಕೈಯಲ್ಲಿ ಯಾವ ಫೋನ್ ಇದೆ ಎಂಬುದು ನಿಮ್ಮ ಕಂಪ್ಯೂಟರ್‌ಗಳಿಗೆ ಗೊತ್ತೇ ಇರುತ್ತದೆ. ಅಮ್ಮನಿಗೆ ಬಂದದ್ದು ‘ಸೇವೆ ಉತ್ತಮಪಡಿಸುತ್ತಿದ್ದೇವೆ’ ಎಂಬ ಒಂದು ಮೆಸೇಜ್ ಮಾತ್ರ. ಅವಳು ಅದನ್ನು ಓದಿ ಖುಷಿಪಟ್ಟಿದ್ದಳು.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ಹೊಸ ಫೋನ್‌ಗಳ ಬಗ್ಗೆ ಬರೆಯುವಾಗ ಕ್ಯಾಮೆರಾ, ಬ್ಯಾಟರಿ, ಪರದೆ ಎಲ್ಲದಕ್ಕೂ ಜಾಗ ಕೊಡುತ್ತೀರಿ. ಜೊತೆಗೆ ಎರಡು ಸಾಲು ಸೇರಿಸಿ. ಯಾವ ಯಾವ ನೆಟ್‌ವರ್ಕ್‌ನಲ್ಲಿ ವೋಲ್ಟಿ ಮತ್ತು ವೈಫೈ ಕರೆ ಕೆಲಸ ಮಾಡುತ್ತದೆ ಎಂಬುದು ಒಂದು. ತುರ್ತು ಕರೆಗೆ ಹಳೆಯ ನೆಟ್‌ವರ್ಕ್ ಬೇಕೇ ಎಂಬುದು ಇನ್ನೊಂದು. ಉತ್ತರ ಸಿಗದಿದ್ದರೆ ‘ತಯಾರಕರು ಹೇಳಲಿಲ್ಲ’ ಎಂದು ಅದನ್ನೇ ಅಚ್ಚು ಹಾಕಿ. ಅಮ್ಮನಿಗೆ ಹೊಸ ಫೋನ್ ಕೊಳ್ಳುವಾಗ ನಾನು ಕೇಳಿದ್ದು ಈ ಎರಡೇ ಪ್ರಶ್ನೆ. ಮಾರುವವರಿಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ.

ಇಂತಿ,
ನಿಮ್ಮ ಪತ್ರಿಕೆಯ ಓದುಗಾರ್ತಿ