ಬಂದರಿಗೊಂದು ಮಗ್

ಮಗಳೇ,

ಮಗ್‌ಗಳನ್ನೆಲ್ಲ ಇವತ್ತು ಕಟ್ಟಿ ಮುಗಿಸಿದೆ. ಒಟ್ಟು 29. ಅಮ್ಮ ಎರಡು ಹಳೆ ಕಾಟನ್ ಸೀರೆ ಹರಿದು ಕೊಟ್ಟಳು. ಪ್ರತಿಯೊಂದರ ಒಳಗೂ ಬಟ್ಟೆ ತುರುಕಿ, ಹಿಡಿಯ ಸುತ್ತ ಬೇರೆ ಬಟ್ಟೆ ಸುತ್ತಿದ್ದೇನೆ. ಏಟು ಬಿದ್ದರೆ ಮೊದಲು ಹೋಗುವುದು ಹಿಡಿಯೇ. ಡರ್ಬನ್‌ನದ್ದು ಹಾಗೇ ಹೋಯಿತಲ್ಲ, 1997ರಲ್ಲಿ. ಮನೆಗೆ ಬಂದು ಸೂಟ್‌ಕೇಸ್ ತೆರೆದಾಗ ಹಿಡಿ ಒಂದು ಕಡೆ, ಮಗ್ ಒಂದು ಕಡೆ. ಅದನ್ನೂ ಇಟ್ಟಿದ್ದೇನೆ. ಪೆನ್ನು ಇಡಲಿಕ್ಕಾದರೂ ಆಗುತ್ತದೆ, ಎಸೆಯಬೇಡ.

ಹೊಸ ಮನೆಯಲ್ಲಿ ಗಾಜಿನ ಶೋಕೇಸ್ ಮಾಡಿಸಿ, ಒಳಗೆ ಲೈಟ್ ಹಾಕಿಸಿ, ಇವನ್ನೆಲ್ಲ ಸಾಲಾಗಿ ಜೋಡಿಸುತ್ತೇನೆ ಅಂತ ಮೊನ್ನೆ ನೀನು ಫೋನಿನಲ್ಲಿ ಹೇಳಿದೆ. ಕೇಳಿ ಖುಷಿಯಾಯಿತು. ನಡುವೆ ಬಿಟ್ಟುಹೋದ ಊರುಗಳದ್ದನ್ನು ಆನ್‌ಲೈನಲ್ಲಿ ತರಿಸಿ ತುಂಬಿಸುತ್ತೇನೆ ಅಂದೆಯಲ್ಲ, ಆ ಮಾತು ಮಾತ್ರ ಮನಸ್ಸಿನಲ್ಲೇ ಉಳಿಯಿತು. ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮಗ್ ಕೂಡಿಡಬೇಕು ಅಂತ ಹೊರಟವನಲ್ಲ. 1994ರಲ್ಲಿ ನಮ್ಮ ಹಡಗು ರಾಟರ್‌ಡ್ಯಾಮ್‌ಗೆ ಬಂದಾಗ ನಿನ್ನ ಅಮ್ಮನಿಗೆ ಒಂಬತ್ತು ತಿಂಗಳು. ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಪಕ್ಕದ ಮನೆಯವರದ್ದೇ ಪಿಪಿ ನಂಬರ್, ಅವರೇ ನಮ್ಮವರನ್ನು ಕರೆದು ಕೊಡಬೇಕು. ಡ್ಯೂಟಿ ಮುಗಿಸಿ, ಕೈಯ ಗ್ರೀಸ್ ಪೂರ್ತಿ ಹೋಗುವ ಮೊದಲೇ ಪೇಟೆಗೆ ಓಡಿ, ಬೂತಿನಲ್ಲಿ ನಾಣ್ಯ ಹಾಕುತ್ತಾ ನಿಂತೆ. ಮೂರನೇ ಸಲಕ್ಕೆ ಲೈನ್ ಸಿಕ್ಕಿತು. ಅಜ್ಜಿ ಬಂದು, ಹೆಣ್ಣು ಮಗು, ಇಬ್ಬರೂ ಆರಾಮು ಅಂದರು. ಅಷ್ಟೇ. ಲೈನ್ ಕಟ್ಟಾಯಿತು. ಕೈಯಲ್ಲಿ ಕೆಲವು ಗಿಲ್ಡರ್ ನಾಣ್ಯ ಉಳಿದಿದ್ದವು. ಎದುರಿನ ಅಂಗಡಿಗೆ ಹೋಗಿ, ಗಾಳಿಗಿರಣಿಯ ಚಿತ್ರ ಇದ್ದ ನೀಲಿ ಮಗ್ ಕೊಂಡೆ. ಯಾಕೆ ಅಂತ ಈಗಲೂ ಗೊತ್ತಿಲ್ಲ. ಆ ಹೊತ್ತಿಗೆ ಏನಾದರೂ ಕೈಯಲ್ಲಿ ಹಿಡಿದುಕೊಳ್ಳಬೇಕು ಅನ್ನಿಸಿತ್ತು.

ಅಲ್ಲಿಂದ ಅದೇ ರೂಢಿಯಾಯಿತು. ಕಾಲು ನೆಲ ಮುಟ್ಟಿದ ಊರಿನದ್ದು ಮಾತ್ರ ಕೊಳ್ಳುವುದು ಅಂತ ನಿಯಮವೂ ಆಯಿತು. ಹಡಗಿನವನಿಗೆ ಇದು ಸುಲಭ ಅಲ್ಲ. ಕಂಟೇನರ್ ಹಡಗು ಒಂದು ಬಂದರಿನಲ್ಲಿ ನಿಲ್ಲುವುದೇ ಒಂದು ದಿನ, ಕೆಲವೊಮ್ಮೆ ಅದಕ್ಕೂ ಕಡಿಮೆ. ಇಂಜಿನ್ ರೂಮಿನವರಿಗೆ ಆ ಹೊತ್ತಿನಲ್ಲೇ ಜಾಸ್ತಿ ಕೆಲಸ. ಸಮುದ್ರದ ಮಧ್ಯೆ ನಿಲ್ಲಿಸಲಾಗದ ಮೆಷಿನನ್ನು ಬಂದರಿನಲ್ಲೇ ಬಿಚ್ಚಬೇಕು. ಶೋರ್ ಲೀವ್, ಅಂದರೆ ದಡಕ್ಕೆ ಇಳಿಯಲು ಬಿಡುವು, ಸಿಕ್ಕಿದರೆ ಮೂರ್ನಾಲ್ಕು ಗಂಟೆ. ಎಷ್ಟೋ ದೊಡ್ಡ ಊರುಗಳ ಕ್ರೇನು ಮಾತ್ರ ನೋಡಿ ವಾಪಸ್ ಬಂದಿದ್ದೇನೆ. ಸಾಲಿನಲ್ಲಿ ಅವುಗಳ ಜಾಗ ಖಾಲಿ ಇರುವುದು ಅದಕ್ಕೇ.

ಟ್ರಿಯೆಸ್ಟ್‌ನ ಬಿಳಿ ಮಗ್ ನೋಡಿದಾಗ ಸ್ವಲ್ಪ ನಿಲ್ಲು. ಇಟಲಿಯ ಆ ಊರು 1719ರಿಂದ ಮುಕ್ತ ಬಂದರು, ಕಾಫಿ ವ್ಯಾಪಾರದ ದೊಡ್ಡ ಕೇಂದ್ರ. ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ಬೀಜ ಮಂಗಳೂರಿನ ಬಂದರಿನಿಂದ ಇಟಲಿಗೆ ಹೋಗುತ್ತದೆ. ಅಲ್ಲಿಯವರ ಎಸ್ಪ್ರೆಸೊದಲ್ಲಿ ನಮ್ಮ ರೊಬಸ್ಟಾ ಸೇರಿರುತ್ತದೆ. ಆ ಊರಿನಲ್ಲಿ ಕಾಫಿಗೆ ಅವರದ್ದೇ ಹೆಸರುಗಳು. ಎಸ್ಪ್ರೆಸೊ ಬೇಕಾದರೆ ‘ನೆರೊ’ ಅನ್ನಬೇಕು. ಸ್ವಲ್ಪ ಹಾಲು ಹಾಕಿ ಪುಟ್ಟ ಗಾಜಿನ ಲೋಟದಲ್ಲಿ ಕೊಡುವುದಕ್ಕೆ ‘ಕಾಪೊ ಇನ್ ಬಿ’. ಕುಂದಾಪುರದ ಹೋಟೆಲಿನಲ್ಲಿ ಗ್ಲಾಸಿನಲ್ಲಿ ಕಾಫಿ ಕುಡಿದು ಬೆಳೆದವನಿಗೆ ಅಷ್ಟು ದೂರದಲ್ಲಿ ಅದು ಸಿಕ್ಕಿದಾಗ ಎಷ್ಟು ಸಂತೋಷ ಆಯಿತು ಅಂದರೆ, ಎರಡು ಕುಡಿದೆ. ಅವತ್ತು ಬೋರಾ ಗಾಳಿ ಬೀಸುತ್ತಿತ್ತು. ಹಿಂದೆಲ್ಲ ಆ ಗಾಳಿಗೆ ಜನ ಹಾರಿಹೋಗದ ಹಾಗೆ ಬೀದಿಯಲ್ಲಿ ಹಿಡಿದುಕೊಳ್ಳಲು ಹಗ್ಗ ಕಟ್ಟುತ್ತಿದ್ದರಂತೆ. ಮಗ್ ಅನ್ನು ಜಾಕೆಟ್ಟಿನೊಳಗೆ ಹೊಟ್ಟೆಗೆ ಒತ್ತಿಕೊಂಡು ಹಡಗು ಸೇರಿದೆ.

ಸಾಂಟೋಸ್‌ನದ್ದಕ್ಕೆ ಚಿನ್ನದ ಬಣ್ಣದ ಅಂಚಿದೆ. ಬ್ರೆಜಿಲ್ ಕಾಫಿಯ ಬಂದರು ಅದು. 1922ರಲ್ಲಿ ಕಟ್ಟಿದ ಕಾಫಿ ವಿನಿಮಯ ಕೇಂದ್ರ ಈಗ ಮ್ಯೂಸಿಯಂ ಆಗಿದೆ. ಕಾಫಿಯ ದರ ಕೂಗುತ್ತಿದ್ದ ಸಭಾಂಗಣದಲ್ಲಿ ಮರದ ಕುರ್ಚಿಗಳು ಸುತ್ತಲೂ ಹಾಗೇ ಇವೆ. ಈ ಮಗ್ ಅನ್ನು ಮೈಕ್ರೋವೇವ್‌ನಲ್ಲಿ ಮಾತ್ರ ಇಡಬೇಡ, ಅಂಚಿನಲ್ಲಿ ಲೋಹ ಇರುವುದರಿಂದ ಕಿಡಿ ಹಾರುತ್ತದೆ.

ಹ್ಯಾಂಬರ್ಗ್‌ನದ್ದನ್ನು ತಲೆಕೆಳಗೆ ಮಾಡಿ ನೋಡು. ಲಂಗರಿನ ಚಿತ್ರ, ಊರಿನ ಹೆಸರು ಎಲ್ಲ ಇದೆ. ತಳದಲ್ಲಿ ‘ಮೇಡ್ ಇನ್ ಚೈನಾ’. ನೀನು ಚಿಕ್ಕವಳಿದ್ದಾಗ ಇದನ್ನು ಓದಿ, ನಿಮಗೆ ಮೋಸ ಮಾಡಿದ್ದಾರೆ ಅಂತ ಸಿಟ್ಟಾಗಿದ್ದೆ. ನನಗೆ ಹಾಗೆ ಅನ್ನಿಸಲೇ ಇಲ್ಲ. ಚೀನಾದಲ್ಲಿ ಕಂಟೇನರ್ ತುಂಬಿಕೊಂಡು, ಸೂಯೆಜ್ ದಾಟಿ, ಹ್ಯಾಂಬರ್ಗ್‌ನಲ್ಲಿ ಇಳಿಸುವುದೇ ನಮ್ಮ ಕೆಲಸವಾಗಿತ್ತು. ಆ ಮಗ್ ಅಲ್ಲಿಯವರೆಗೆ ಬಂದದ್ದು ನಮ್ಮಂಥದ್ದೇ ಹಡಗಿನಲ್ಲಿ. ನಮ್ಮಂಥದ್ದೇ ಇಂಜಿನ್ ರೂಮಿನಲ್ಲಿ ಯಾರೋ ನಿದ್ದೆಗೆಟ್ಟದ್ದರಿಂದ. ಅದನ್ನು ಕೊಂಡದ್ದು ಅಲ್ಲಿಯ ಡಕ್‌ಡಾಲ್ಬೆನ್ ಕ್ಲಬ್ಬಿನಲ್ಲಿ. 1986ರಿಂದ ನಾವಿಕರಿಗೋಸ್ಕರ ನಡೆಯುತ್ತಿರುವ ಜಾಗ. ವ್ಯಾನ್ ಕಳಿಸಿ ಹಡಗಿನಿಂದ ಕರೆದುಕೊಂಡು ಹೋಗುತ್ತಾರೆ, ಮನೆಗೆ ಫೋನ್ ಮಾಡಲು ಅನುಕೂಲ ಮಾಡಿಕೊಡುತ್ತಾರೆ. ಅಲ್ಲಿ ಕೂತು ಕುಡಿದ ಕಾಫಿಯ ಬಿಸಿ ನೆನಪಿದೆ.

ಈಗ ಒಂದು ತಪ್ಪು ಒಪ್ಪಿಕೊಳ್ಳಬೇಕು. ಪಿರಮಿಡ್ ಚಿತ್ರದ ಮಗ್ ಇದೆಯಲ್ಲ, ಅದು ನಿಯಮ ಮುರಿದು ತಂದದ್ದು. ಸೂಯೆಜ್ ಕಾಲುವೆ 193 ಕಿ.ಮೀ. ಹಡಗು ದಾಟುವಾಗ ಹಗ್ಗ ಕಟ್ಟುವ ಕೆಲಸದವರು ಹತ್ತುತ್ತಾರೆ. ಬಿಡುವಿನಲ್ಲಿ ಸಾಮಾನು ಹರಡಿ ವ್ಯಾಪಾರ ಮಾಡುತ್ತಾರೆ. ನಾನು ಈಜಿಪ್ಟಿನ ನೆಲ ಮುಟ್ಟಲೇ ಇಲ್ಲ. ಪಿರಮಿಡ್ ಅಲ್ಲಿಂದ ನೂರು ಕಿ.ಮೀ.ಗೂ ದೂರ. ನಿನಗಾಗ ಏಳು ವರ್ಷ. ಅಪ್ಪಯ್ಯ, ಪಿರಮಿಡ್ ಮುಟ್ಟಿದ್ರಾ ಅಂತ ಕೇಳಿದೆ. ಹೂಂ ಅಂದುಬಿಟ್ಟೆ. ಮರುದಿನ ನೀನು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದೆ. ಇಷ್ಟು ವರ್ಷ ಆ ಮಗ್ ಕಂಡಾಗಲೆಲ್ಲ ಅದೇ ನೆನಪು.

ಅದಕ್ಕೇ ಹೇಳುವುದು, ಆನ್‌ಲೈನಲ್ಲಿ ತರಿಸಬೇಡ. ಸ್ಟಾರ್‌ಬಕ್ಸ್‌ನವರು 2013ರಲ್ಲಿ ತಂದ ಊರಿನ ಮಗ್‌ಗಳ ಸರಣಿಯ ಹೆಸರೇ ‘ಯು ಆರ್ ಹಿಯರ್’. ನೀನು ಇಲ್ಲಿದ್ದೀಯ ಅಂತ. ಬೆಂಗಳೂರಿನ ಮನೆಯ ಬಾಗಿಲಿಗೆ ಲಿಸ್ಬನ್‌ನ ಮಗ್ ಬಂದರೆ ಅದು ಯಾರಿಗೆ ಹೇಳಿದ ಮಾತು? ಲಿಸ್ಬನ್‌ಗೆ ನೀನೇ ಹೋಗು. ಹೋಗಿ, ಅಲ್ಲಿಯ ಅಂಗಡಿಯಲ್ಲಿ ಹತ್ತು ಮಗ್ ಎತ್ತಿ ನೋಡಿ, ಒಂದು ಆರಿಸಿಕೊಂಡು ಬಾ. ಅಲ್ಲಿಯವರೆಗೆ ಆ ಜಾಗ ಖಾಲಿ ಇರಲಿ.

ಶೋಕೇಸ್ ಬೇಕಾದರೆ ಮಾಡಿಸು, ಬಾಗಿಲಿಗೆ ಬೀಗ ಮಾತ್ರ ಬೇಡ. ದಿನಾ ಒಂದು ತೆಗೆದು ಕುಡಿ. ಮೆತ್ತಗಿನ ಸ್ಪಂಜಿನಲ್ಲಿ ತೊಳೆ. ಸ್ಟೀಲ್ ನಾರು ಹಾಕಿದರೆ ಚಿತ್ರ ಹೋಗುತ್ತದೆ. ತಳದಲ್ಲಿ ನಾನು ಮಾರ್ಕರ್‌ನಲ್ಲಿ ಬರೆದ ತಾರೀಕು ಆಗಲೇ ಅರ್ಧ ಮಾಸಿದೆ, ಅದರ ಮೇಲೆ ಮತ್ತೊಮ್ಮೆ ಬರೆದುಬಿಡು. ಆ ತಾರೀಕುಗಳಲ್ಲೆಲ್ಲ ನಾನು ಮನೆಯಲ್ಲಿ ಇರಲಿಲ್ಲ. ನೀನು ಸೈಕಲ್ ಕಲಿತದ್ದು, ಕೈ ಮುರಿದುಕೊಂಡದ್ದು, ಮೊದಲ ಸಲ ಸ್ಟೇಜ್ ಹತ್ತಿದ್ದು, ಎಲ್ಲ ಫೋನಿನಲ್ಲೇ ಕೇಳಿದ್ದು. ಯಾವ ದಿನ ಎಲ್ಲಿದ್ದೆ ಅಂತ ನಿನಗೆ ಕೊಡಲು ನನ್ನ ಹತ್ತಿರ ಇರುವ ಲೆಕ್ಕ ಇಷ್ಟೇ.

ರಾಟರ್‌ಡ್ಯಾಮ್‌ನದ್ದು ಈ ಪೆಟ್ಟಿಗೆಯಲ್ಲಿ ಇಲ್ಲ. ಹುಡುಕಬೇಡ. ಈಗಲೂ ಬೆಳಿಗ್ಗೆ ಅದರಲ್ಲೇ ಕುಡಿಯುತ್ತೇನೆ.

ಪಾರ್ಸಲ್ ಶುಕ್ರವಾರ ರಾತ್ರಿಯ ಬಸ್ಸಿಗೆ ಹಾಕುತ್ತೇನೆ. ಎರಡು ಪೆಟ್ಟಿಗೆ. ಬಾಣದ ಗುರುತು ಮೇಲಕ್ಕೇ ಇರಲಿ. ಇಳಿಸಿಕೊಳ್ಳುವಾಗ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗು, ಭಾರ ಇದೆ.

ನಿನ್ನ
ಅಪ್ಪಯ್ಯ