ಜಾಗ ನೋಡೋಕೆ ಮಳೆಗಾಲದಲ್ಲಿ ಬನ್ನಿ: ಚಿಕ್ಕಮಗಳೂರು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ನಾನು ಮೂಡಿಗೆರೆ ತಾಲೂಕಿನ ಒಬ್ಬ ಸಣ್ಣ ಕಾಫಿ ಬೆಳೆಗಾರ. ಭೂ ಪರಿವರ್ತನೆ ಅರ್ಜಿಗಳ ಬಗ್ಗೆ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಿಕೊಡಿ ಅಂತ ಕೇಳುವ ಅರ್ಜಿಗಳ ಬಗ್ಗೆ, ನನ್ನದು ಒಂದೇ ಕೋರಿಕೆ. ಗುಡ್ಡದ ಇಳಿಜಾರಿನಲ್ಲಿ ಹೋಂಸ್ಟೇ, ರೆಸಾರ್ಟ್ ಕಟ್ಟೋಕೆ ಅಂತ ಅರ್ಜಿ ಬಂದರೆ, ಆ ಜಾಗವನ್ನು ಮಳೆಗಾಲದಲ್ಲಿ ಒಂದು ಸಲ ನೋಡದೆ ಆದೇಶ ಕೊಡಬೇಡಿ.

ನಮ್ಮ ಕಡೆ ಜಾಗ ಹುಡುಕಿಕೊಂಡು ಜನ ಬರುವುದು ಬೇಸಿಗೆಯಲ್ಲಿ. ಕೊಯ್ಲು ಮುಗಿದಿರುತ್ತದೆ, ನಾವು ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುತ್ತಿರುತ್ತೇವೆ, ಜೀಪು ಗುಡ್ಡದ ನೆತ್ತಿಯವರೆಗೂ ಹತ್ತುತ್ತದೆ. ವ್ಯೂ ಚೆನ್ನಾಗಿದೆ ಅಂದರೆ ವ್ಯಾಪಾರ ಕುದುರಿದ ಹಾಗೇ. ಸರ್ವೆ, ಸ್ಥಳ ಪರಿಶೀಲನೆ ಕೂಡ ಅದೇ ಬಿಸಿಲಿನಲ್ಲಿ ಮುಗಿದುಬಿಟ್ಟರೆ ಕಣ್ಣಿಗೆ ಬೀಳುವುದು ಗಟ್ಟಿ ನೆಲ ಮಾತ್ರ. ಅದೇ ಜಾಗದಲ್ಲಿ ಜುಲೈ ಕೊನೆಗೆ ನಿಂತು ನೋಡಿ. ಗಿಡದ ಬುಡಬುಡದಲ್ಲೂ ಜಲ ಎದ್ದಿರುತ್ತದೆ. ಮಾರ್ಚ್‌ನಲ್ಲಿ ಕಾಲುದಾರಿ ಅಂದುಕೊಂಡಿದ್ದು ಹಳ್ಳವಾಗಿ ಹರಿಯುತ್ತಿರುತ್ತದೆ.

ರಸ್ತೆಗೆ ಅಂತ ಜೆಸಿಬಿ ಗುಡ್ಡ ಕಡಿದಾಗ ಗೋಡೆಯ ಹಾಗೆ ನಿಲ್ಲುವ ಮಣ್ಣಿಗೆ ನಾವು ಧರೆ ಅನ್ನುತ್ತೇವೆ. ಅಂಥ ಒಂದು ಧರೆಯ ಮುಂದೆ ನಿಂತರೆ ವಿಷಯ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಮೇಲೆ ಒಂದು ಗೇಣು ಕಪ್ಪು ಮಣ್ಣು, ತರಗು, ಬೇರು. ಅದರ ಕೆಳಗೆ ಆಳುದ್ದ ಕೆಮ್ಮಣ್ಣು. ಇನ್ನೂ ಕೆಳಗೆ ಹಳದಿ ಬಿಳುಪಿನ ಜೇಡಿ. ಮುಟ್ಟಿದರೆ ನುಣ್ಣಗೆ ಜಾರುತ್ತದೆ. ಕೆಮ್ಮಣ್ಣಿನಲ್ಲಿ ಇಳಿದುಬಂದ ಮಳೆನೀರು ಜೇಡಿಗೆ ಬಂದು ತಡೆಯುತ್ತದೆ. ಕೆಳಕ್ಕೆ ಹೋಗೋಕೆ ದಾರಿಯಿಲ್ಲ, ಪಕ್ಕಕ್ಕೆ ಹೊರಡುತ್ತದೆ. ಧರೆಯ ಮೈಮೇಲೆ ಒಂದು ಒದ್ದೆ ಗೆರೆ ಕಾಣುವುದು ಅಲ್ಲೇ. ಆ ಗೆರೆಯಿಂದ ತಿಳಿನೀರು ಒಸರುತ್ತಿದ್ದರೆ ಸ್ವಲ್ಪ ಸಮಾಧಾನ. ನೀರು ಕೆಂಪಾಯಿತೋ, ಒಳಗಿನ ಮಣ್ಣು ಕಳಚಿ ಹೊರಟಿದೆ ಅಂತ ಅರ್ಥ. ಇಂಥ ಧರೆಯ ನೆತ್ತಿಯ ಮೇಲೆ ಕಾಂಕ್ರೀಟ್ ಕಟ್ಟಡ, ಪಕ್ಕದಲ್ಲಿ ಈಜುಕೊಳ, ಹಿಂದೆ ವರ್ಷಪೂರ್ತಿ ನೀರು ಕುಡಿಯುವ ಶೌಚದ ಇಂಗುಗುಂಡಿ. ಒಂದು ಕಡೆ ಗುಡ್ಡದ ಬುಡ ಕಡಿದು, ಇನ್ನೊಂದು ಕಡೆ ಅದರ ತಲೆ ಮೇಲೆ ಭಾರ ಹೇರಿದ ಹಾಗಾಯಿತು.

2019ರ ಆಗಸ್ಟ್‌ನಲ್ಲಿ ನಮ್ಮ ತಾಲೂಕಿನ ಮಲೆಮನೆ ಕಡೆ ಏನಾಯಿತು ಅಂತ ನಿಮ್ಮ ಕಚೇರಿಯ ಕಡತಗಳಲ್ಲೇ ಇರುತ್ತದೆ. ಗುಡ್ಡ ಕುಸಿದು ಮನೆ ಹೋಯಿತು, ತೋಟ ಹೋಯಿತು, ಚಾರ್ಮಾಡಿ ಘಾಟಿ ಬಂದ್ ಆಯಿತು. ಅದಕ್ಕೆ ರೆಸಾರ್ಟ್‌ಗಳೇ ಕಾರಣ ಅಂತ ನಾನು ಸುಮ್ನೆ ದೂರುವುದಿಲ್ಲ. ಮಳೆಯೇ ಹಾಗೆ ಹೊಯ್ದಿತ್ತು. ಆದರೆ ಹಾಗೆ ಹೊಯ್ಯುವ ಊರಿದು ಅಂತ ಗೊತ್ತಾದ ಮೇಲೂ ಬೇಸಿಗೆಯ ನೆಲ ನೋಡಿ ಒಪ್ಪಿಗೆ ಕೊಡುವುದು ಸರಿಯಲ್ಲ, ಅಲ್ವಾ?

ಪರಿಸರ ಅನುಮತಿ ಅಂತ ಬೇರೆ ಇದೆಯಲ್ಲ ಅನ್ನಬಹುದು. ಕಟ್ಟಡಗಳಿಗೆ ಅದು ಬೇಕಾಗುವುದು 2006ರ ಕೇಂದ್ರ ಅಧಿಸೂಚನೆ ಪ್ರಕಾರ 20,000 ಚದರ ಮೀಟರ್‌ನಿಂದ ಮೇಲೆ. ಅಂದರೆ ಹೆಚ್ಚುಕಡಿಮೆ 2 ಲಕ್ಷದ 15 ಸಾವಿರ ಚದರ ಅಡಿ. ನಮ್ಮ ಗುಡ್ಡಗಳಲ್ಲಿ ಏಳುತ್ತಿರುವ ಹೋಂಸ್ಟೇಗಳಲ್ಲಿ ಯಾವುದು ಅಷ್ಟು ದೊಡ್ಡದಿದೆ? ವಯನಾಡಿನಲ್ಲಿ ಗುಡ್ಡ ಕುಸಿದ ಮಾರನೇ ದಿನ, 2024ರ ಜುಲೈ 31ರಂದು, ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಕ್ಕೆ ಕೇಂದ್ರ ಹೊರಡಿಸಿದ ಕರಡು ಅಧಿಸೂಚನೆಯಲ್ಲೂ ಕಟ್ಟಡಗಳಿಗೆ ಇದೇ 20,000ದ ಗೆರೆ. ಆ ಕರಡಿಗೆ ಆಧಾರವಾದ ಕಸ್ತೂರಿರಂಗನ್ ವರದಿ ಅಂದರೆ ನಮ್ಮೂರಲ್ಲಿ ಜಗಳವೇ ಶುರುವಾಗುತ್ತದೆ, ಆ ಜಗಳ ಇಲ್ಲಿ ಬೇಡ. ನಾನು ಹೇಳುವುದು ಇಷ್ಟು: ಆ ವರದಿ ಜಾರಿಯಾಗಲಿ ಬಿಡಲಿ, ಸಣ್ಣ ಕಟ್ಟಡಕ್ಕೆ ತಡೆ ಅಂತ ಇರುವುದು ನಿಮ್ಮ ಪರಿವರ್ತನೆ ಆದೇಶ, ಆಮೇಲೆ ಗ್ರಾಮ ಪಂಚಾಯಿತಿಯ ಲೈಸೆನ್ಸ್.

ಅರ್ಜಿಯ ಜೊತೆ ಬರುವುದು ಪಹಣಿ, ಮ್ಯುಟೇಷನ್, ಸರ್ವೆಯವರ 11ಇ ನಕ್ಷೆ, ಅಫಿಡವಿಟ್. ಇವುಗಳಿಂದ ಜಮೀನು ಯಾರದ್ದು, ಎಷ್ಟು ಗುಂಟೆ ಅಂತ ಗೊತ್ತಾಗುತ್ತದೆ. ನೀರು ಎಲ್ಲಿ ಏಳುತ್ತದೆ ಅಂತ ಗೊತ್ತಾಗುವುದಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಗುಡ್ಡ ಕುಸಿಯುವ ಜಾಗಗಳ ನಕ್ಷೆ ಮಾಡಿದೆ, ಒಳ್ಳೇ ಕೆಲಸ. ಆದರೆ ಅದರ ಅಳತೆ 1:50,000. ಆ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 50 ಮೀಟರ್. ಹತ್ತು ಗುಂಟೆ ಜಾಗ ಅದರಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದು. ಹಾಗಾಗಿ ಯಾರಾದರೂ ಹೋಗಿ ನೋಡಲೇಬೇಕು, ಅದೂ ಸರಿಯಾದ ಹೊತ್ತಿಗೆ.

ಸರಿಯಾದ ಹೊತ್ತು ಅನ್ನುವುದು ನನ್ನ ಕಲ್ಪನೆಯಲ್ಲ. ಇಂಗ್ಲೆಂಡಿನಲ್ಲಿ ಬಾವಲಿ ಇರಬಹುದಾದ ಹಳೇ ಮನೆಯ ಮಾಡು ಕೀಳಬೇಕಾದರೆ, ಒಪ್ಪಿಗೆಗೆ ಮೊದಲೇ ಸರ್ವೆ ಮಾಡಿಸಿ ಅನ್ನುತ್ತಾರೆ. ಸಂಜೆ ಅವು ಹೊರಗೆ ಹಾರುವುದನ್ನು ಕಾದು ನೋಡುವ ಸರ್ವೆ ನಡೆಯುವುದು ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ. ಚಳಿಗಾಲದಲ್ಲಿ ಹೋಗಿ ಒಂದೂ ಹಾರಲಿಲ್ಲ ಅಂತ ಬರೆದರೆ ನಡೆಯುವುದಿಲ್ಲ. ನಮ್ಮಲ್ಲಿ ಮರ ಕಡಿಯುವ ಲೆಕ್ಕ ನೆಲದ ಲೆಕ್ಕಕ್ಕೆ ಉಲ್ಟಾ, ಅದನ್ನು ಬೇಸಿಗೆಯಲ್ಲೇ ನೋಡಬೇಕು. ಮಂಗಟ್ಟೆ ಹಕ್ಕಿ ಮರದ ಪೊಟರೆಯೊಳಗೆ ಮೊಟ್ಟೆ ಇಟ್ಟು ಕೂರುವುದೇ ಬೇಸಿಗೆಯಲ್ಲಿ, ಗರಗಸದ ಸದ್ದು ಜಾಸ್ತಿ ಕೇಳುವುದೂ ಆಗಲೇ. 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಕೇಳಿದಾಗ ಪೊಟರೆ ಇದೆಯಾ ಅಂತ ತಲೆಯೆತ್ತಿ ನೋಡಿದರೆ ಸಾಕು. ಸಿಲ್ವರ್ ಮರಕ್ಕೆ ಇದೆಲ್ಲ ಬೇಡ, ನಾನು ಹೇಳುತ್ತಿರುವುದು ಅತ್ತಿ, ಬಸರಿಯಂಥ ಹಳೇ ಮರಗಳ ಬಗ್ಗೆ.

ಇನ್ನೊಂದು ಎನ್‌ಒಸಿ ಮಾತ್ರ ದಯವಿಟ್ಟು ಹುಟ್ಟಿಸಬೇಡಿ. ಅದರ ಹಿಂದೆಯೇ ಒಬ್ಬ ಏಜೆಂಟ್ ಹುಟ್ಟುತ್ತಾನೆ. ಸಮತಟ್ಟು ಜಾಗದಲ್ಲಿ ತನಗೆ ಅಂತ ಮನೆ ಕಟ್ಟುವವನನ್ನು ಒಂದು ವರ್ಷ ಕಾಯಿಸುವುದೂ ಬೇಡ. ಧರೆ ಕಡಿಯಬೇಕಾದ ವಾಣಿಜ್ಯ ಕಟ್ಟಡಗಳಿಗೆ ಮಾತ್ರ ಇದನ್ನು ಇಡಿ. ಜೂನ್ 15ರ ನಂತರ ಅರ್ಜಿದಾರನೇ ತೆಗೆದ, ತಾರೀಖು ಮತ್ತು ಜಿಪಿಎಸ್ ಇರುವ ಫೋಟೋಗಳು ಬರಲಿ. ಏಳುವ ಜಲ, ಹಳ್ಳದ ದೂರ, ಇಳಿಜಾರು ಇಷ್ಟನ್ನು ಕೈಬರಹದ ನಕ್ಷೆಯಲ್ಲಿ ಗುರುತು ಮಾಡಲಿ. ನಿಮ್ಮವರು ಒಂದು ಸಲ ಬಂದು ತಾಳೆ ನೋಡಲಿ. ತಡವಾಯಿತು ಅಂತ ಗೊಣಗುವವರು ಇರುತ್ತಾರೆ. ಕೋಟಿಗಟ್ಟಲೆ ಹಾಕಿ ಕಟ್ಟುವವರಿಗೆ ಕೆಲವು ತಿಂಗಳು ದೊಡ್ಡದಲ್ಲ.

ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರೂ ನೀವೇ. ಪರಿವರ್ತನೆಗೆ ಸಹಿ ಹಾಕುವ ಅಧಿಕಾರವೂ, ಗುಡ್ಡ ಜರಿದರೆ ಮೊದಲು ಓಡಿಬರುವ ಹೊಣೆಯೂ ನಿಮ್ಮದೇ. ಈ ಸಲ ಮೂಡಿಗೆರೆ ಒಂದೇ ತಾಲೂಕಿನಲ್ಲಿ ಶುರು ಮಾಡಿ ನೋಡಿ. ತೋಟದಲ್ಲಿ ಮೂವತ್ತು ನಲವತ್ತು ವರ್ಷ ದುಡಿದವರು ಪ್ರತಿ ಊರಲ್ಲೂ ಇದ್ದಾರೆ, ಯಾವ ಬದುವಿನ ಕೆಳಗೆ ಯಾವ ತಿಂಗಳು ಜಲ ಏಳುತ್ತದೆ ಅಂತ ಅವರೇ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಬರುವಾಗ ಬೂಟು ಹಾಕಿಕೊಂಡು ಬನ್ನಿ, ಉಂಬಳ (ಜಿಗಣೆ) ಜಾಸ್ತಿ. ಸುಣ್ಣ, ಹೊಗೆಸೊಪ್ಪು ನಾವು ಕೊಡುತ್ತೇವೆ.

ಇತಿ,
ಮೂಡಿಗೆರೆ ತಾಲೂಕಿನ ಒಬ್ಬ ಬೆಳೆಗಾರ