ಮೆದುಳಿನ ಸ್ಕ್ಯಾನ್‌ನಿಂದ ಆಟಿಸಂ ಪತ್ತೆ: ಟೆಂಡರ್ ಕರೆಯುವ ಮುನ್ನ

ರಾಜ್ಯದ ಆರೋಗ್ಯ ಸಚಿವರಿಗೆ,

ಮಾನ್ಯರೇ,

ಎಂಆರ್‌ಐ ನೋಡಿಯೇ ಮಗುವಿಗೆ ಆಟಿಸಂ ಇದೆಯೋ ಇಲ್ಲವೋ ಹೇಳುತ್ತೇವೆ ಎನ್ನುವ ತಂತ್ರಾಂಶದವರು ಇಂದಲ್ಲ ನಾಳೆ ನಿಮ್ಮ ಇಲಾಖೆಯ ಬಾಗಿಲಿಗೂ ಬರುತ್ತಾರೆ. ಜಿಲ್ಲಾ ಆಸ್ಪತ್ರೆಗಳಿಗೆ ಅದನ್ನು ಸದ್ಯಕ್ಕೆ ಕೊಳ್ಳಬೇಡಿ.

ಸ್ಕ್ಯಾನರ್‌ನೊಳಗೆ ಮಗು ಕೆಲವು ನಿಮಿಷ ಅಲುಗದೆ ಮಲಗಬೇಕು. ಮೆದುಳನ್ನು 200 ಭಾಗ ಮಾಡಿ, ಯಾವ ಎರಡು ಭಾಗಗಳ ಸಂಕೇತ ಒಟ್ಟಿಗೆ ಏರಿಳಿಯುತ್ತದೆ ಎಂದು ಲೆಕ್ಕ ಹಾಕಿದರೆ 19,900 ಜೋಡಿಗಳ ಜಾಲ ಸಿಗುತ್ತದೆ. ಯಂತ್ರ ಕಲಿಯಲು ಸಿಗುವ ಜನ? ಆಟಿಸಂ ಇರುವವರ, ಇಲ್ಲದವರ ಮೆದುಳಿನ ಸ್ಕ್ಯಾನ್‌ಗಳನ್ನು ಕೂಡಿಟ್ಟು 2012ರಲ್ಲಿ ಮುಕ್ತವಾದ ‘ಎಬೈಡ್’ ಸಂಗ್ರಹದಲ್ಲಿ 1,112. ಸ್ಕ್ಯಾನ್ ಕೊಟ್ಟ ಹದಿನೇಳು ಕೇಂದ್ರಗಳೂ ಅಮೆರಿಕ, ಯುರೋಪಿನವು. ಎರಡು-ಮೂರು ವರ್ಷದ ಮಕ್ಕಳೇ ಅದರಲ್ಲಿಲ್ಲ. ಇಷ್ಟು ಕಡಿಮೆ ಜನರಿದ್ದಾಗ ಯಂತ್ರ ಆಟಿಸಂ ಬಿಟ್ಟು ಸ್ಕ್ಯಾನರ್ ಯಾವುದು, ತಲೆ ಅಲ್ಲಾಡಿಸಿದವರು ಯಾರು ಎಂಬುದನ್ನೇ ಬಾಯಿಪಾಠ ಮಾಡಿಬಿಡುತ್ತದೆ. ತಲೆ ಅರ್ಧ ಮಿಲಿಮೀಟರ್ ಸರಿದರೂ ದೂರದ ಭಾಗಗಳ ನಂಟು ಕಡಿಮೆಯಾದಂತೆ, ಹತ್ತಿರದ್ದು ಹೆಚ್ಚಾದಂತೆ ಕಾಣುತ್ತದೆ. ಆಟಿಸಂನ ಲಕ್ಷಣವೆಂದು ಬಹುಕಾಲ ಹೇಳುತ್ತಿದ್ದುದೂ ಇದನ್ನೇ! ಅರಿವಳಿಕೆ ಕೊಟ್ಟು ಮಲಗಿಸಿದರೆ ಜಾಲವೇ ಬದಲಾಗುತ್ತದೆ.

ಎಡಿಎಚ್‌ಡಿ (ಗಮನದ ಕೊರತೆ, ಅತಿಚಟುವಟಿಕೆಯ ತೊಂದರೆ) ಇರುವವರನ್ನು ಯಂತ್ರದಿಂದ ಗುರುತಿಸುವ 2011ರ ಎಡಿಎಚ್‌ಡಿ-200 ಸ್ಪರ್ಧೆಯಲ್ಲಿ ಅತಿ ಹೆಚ್ಚು ನಿಖರತೆ ಪಡೆದ ಆಲ್ಬರ್ಟಾ ವಿಶ್ವವಿದ್ಯಾಲಯದ ತಂಡ ಮೆದುಳಿನ ಚಿತ್ರವನ್ನು ಬಳಸಿರಲೇ ಇಲ್ಲ. ವಯಸ್ಸು, ಲಿಂಗ, ಐಕ್ಯೂ ಥರದ ಮಾಹಿತಿಯೇ ಸಾಕಾಗಿತ್ತು.

ಎಬೈಡ್ ಮೇಲೆ ಡೀಪ್ ಲರ್ನಿಂಗ್ (ಉದಾಹರಣೆಗಳಿಂದ ಯಂತ್ರವೇ ಕಲಿಯುವ ಒಂದು ವಿಧಾನ) ನಡೆಸಿದ, 2018ರಲ್ಲಿ ಪ್ರಕಟವಾದ ಹೆಸರಾಂತ ಅಧ್ಯಯನದ ನಿಖರತೆ ಶೇ. 70. ಸಾವಿರ ಮಕ್ಕಳಲ್ಲಿ 10 ಮಂದಿಗೆ ಆಟಿಸಂ ಇದೆ ಎಂದಿಟ್ಟುಕೊಳ್ಳಿ. ಆಟಿಸಂ ಇರುವವರಲ್ಲೂ ಇಲ್ಲದವರಲ್ಲೂ ಅಷ್ಟೇ ನಿಖರವಾದ ಯಂತ್ರ ಆ ಹತ್ತರಲ್ಲಿ 7 ಮಂದಿಯನ್ನು ಹಿಡಿಯುತ್ತದೆ; ಉಳಿದ 990ರಲ್ಲಿ 297 ಮಕ್ಕಳಿಗೆ ಇಲ್ಲದ ಆಟಿಸಂ ಅಂಟಿಸುತ್ತದೆ.

ನಿಖರತೆ ಶೇ. 95 ಎಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದ್ದು: ಮುಖ್ಯ ಜೋಡಿಗಳನ್ನು ಆರಿಸಿದ್ದು ಪರೀಕ್ಷೆಯ ಮಕ್ಕಳನ್ನು ಬೇರೆ ಇಡುವ ಮೊದಲೋ, ಆಮೇಲೋ? ಮೊದಲೇ ಆಗಿದ್ದರೆ ಪ್ರಶ್ನೆಪತ್ರಿಕೆ ಸೋರಿಕೆಯಾದಂತೆ. ಒಂದು ಇಡೀ ಕೇಂದ್ರವನ್ನು ಕಲಿಕೆಯಿಂದ ಹೊರಗಿಟ್ಟು ಅದರ ಮೇಲೆ ಪರೀಕ್ಷಿಸಿದ ಫಲಿತಾಂಶ, ಅಲುಗಾಟದಿಂದ ಕೈಬಿಟ್ಟ ಸ್ಕ್ಯಾನ್‌ಗಳ ಸಂಖ್ಯೆ, ನಮ್ಮ ರಾಜ್ಯದ ಮಕ್ಕಳ ಮೇಲಿನ ಫಲಿತಾಂಶ, ಇವಿಲ್ಲದೆ ಕಡತ ಮುಂದೆ ಹೋಗಬಾರದು. ಹೋಲಿಕೆಗೆ ಆರೋಗ್ಯವಂತ ಮಕ್ಕಳಷ್ಟೇ ಸಾಲದು. ಮಾತು ತಡವಾದವರು, ಬೌದ್ಧಿಕ ಬೆಳವಣಿಗೆ ಕುಂಠಿತವಾದವರು, ಎಡಿಎಚ್‌ಡಿ ಇರುವವರು ಬೇಕು. ವೈದ್ಯರ ಮುಂದೆ ಬರುವ ಗೊಂದಲ ಅವರ ನಡುವಿನದು.

ಸಂಶೋಧನೆಗೆ ನಿಮ್ಹಾನ್ಸ್‌ನಂಥ ಸಂಸ್ಥೆಗಳಿಗೆ ಧಾರಾಳವಾಗಿ ಹಣ ಕೊಡಿ. ಜಿಲ್ಲೆಗಳ ಪಾಲನ್ನು ಮಾತ್ರ, ಮಗುವಿನ ಎದುರು ಕೂತು ಆಟವಾಡಿಸಿ ನೋಡಬಲ್ಲ ಮನಶ್ಶಾಸ್ತ್ರಜ್ಞರ, ವಾಕ್ ಚಿಕಿತ್ಸಕರ ಹುದ್ದೆಗಳಿಗೆ ಇಡಿ.

ಇತಿ,
ಮೆದುಳಿನ ಚಿತ್ರಗಳ ವಿಶ್ಲೇಷಣೆ ಬಲ್ಲ ಕೆಲವರು